ರೈಲು ನೋಡಲು ಬರುವ ಸಂಸಾರಗಳು ರೈಲು ಹತ್ತದಿರುವ ಬಗ್ಗೆ

ಸುತ್ತೋಲೆ ನಂ. ವಿಹಾರ ೧೭/ರಕ್ತಾಕ್ಷಿ
ಮೊಕ್ಕಾಂ: ಕ್ಲೋಸ್‌ಪೇಟೆ
ರಕ್ತಾಕ್ಷಿ ಸಂವತ್ಸರ, ವೈಶಾಖ ಬಹುಳ ತದಿಗೆ

ವಿಷಯ: ಬೇಸಿಗೆ ರಜೆಯಲ್ಲಿ ಕಡಿಮೆ ಖರ್ಚಿನ ವಿಹಾರಕ್ಕೆಂದು ಸ್ಟೇಷನ್ನಿಗೆ ಬರುವ ಸಂಸಾರಗಳು ರೈಲನ್ನು ನೋಡುವ, ನೋಡಿ ಸುಮ್ಮನಿರುವ ಮತ್ತು ಹತ್ತದೆ ಮನೆಗೆ ಹಿಂತಿರುಗುವ ಕ್ರಮದ ಬಗ್ಗೆ.

ಉಲ್ಲೇಖ: (ಅ) ಇದೇ ವಿಷಯದ ಹಿಂದಿನ ಸುತ್ತೋಲೆ. ಇಲಿ ತಿಂದಿದೆ. (ಆ) ಪೋರ್ಟರ್ ಕೆಂಪಯ್ಯನ ಬಾಯಿಮಾತಿನ ಹೇಳಿಕೆ. (ಇ) ದೊಡ್ಡ ಸಾಹೇಬರು ಊಟವಾದ ಮೇಲೆ ಕೊಟ್ಟ ಅಪ್ಪಣೆ.

ಪೀಠಿಕೆ

ಮಾಗಡಿ ಮತ್ತು ಕಾನಕಾನಹಳ್ಳಿ ತಾಲ್ಲೂಕುಗಳಲ್ಲಿ ರೈಲು ಇಲ್ಲ. ಇದು ಆ ತಾಲ್ಲೂಕಿನವರ ತಪ್ಪಲ್ಲ; ಈ ಇಲಾಖೆಯ ತಪ್ಪೂ ಅಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಹೀಗಿರುವುದರಿಂದ ಇಸ್ಕೂಲಿಗೆ ರಜೆ ಬಂದೊಡನೆ ಆ ಕಡೆಯ ಸಂಸಾರಗಳು ಗಾಡಿ ಕಟ್ಟಿಕೊಂಡು ಕ್ಲೋಸ್‌ಪೇಟೆಯ ನೆಂಟರ ಮನೆಯಲ್ಲಿ ಬಂದಿಳಿಯುವುದೂ, ನೆಂಟರು ಅವರನ್ನು ಸಂಜೆ ಸ್ಟೇಷನ್ನಿಗೆ ಕರೆದೊಯ್ದು, ಹೊಂಗೆಮರದ ಕೆಳಗೆ ಜಮಖಾನ ಹಾಸಿ, ಚಿತ್ರಾನ್ನ ತಿನ್ನಿಸಿ, ಮೈಸೂರಿನ ಕಡೆ ಹೋಗುವ ರೈಲನ್ನು ತೋರಿಸಿ ವಾಪಸು ತರುವುದೂ ಬಹುಕಾಲದಿಂದ ರೂಢಿಯಲ್ಲಿದೆ. ಇದಕ್ಕಿಂತ ಅಗ್ಗದ ವಿಹಾರ ಈ ಸೀಮೆಯಲ್ಲಿ ಇಲ್ಲವೆಂದು ವಿಚಾರಣೆಯಿಂದ ತಿಳಿದುಬಂದಿದೆ. ಕೆಂಗಲ್ ಹನುಮಂತರಾಯನಲ್ಲಿಗೆ ಹೋದರೂ ತಟ್ಟೆಗೆ ಏನಾದರೂ ಹಾಕಬೇಕಾಗುತ್ತದೆ. ರೈಲು ಏನನ್ನೂ ಕೇಳುವುದಿಲ್ಲ.

ಈ ಕಚೇರಿಯ ಗುಮಾಸ್ತೆ ಗವಿಸಿದ್ದಯ್ಯ ಎಂಬವನು ತನ್ನ ತಾಯಿ ಮೀನಾಕ್ಷಮ್ಮ, ಹೆಂಡತಿ ಸರ್ವಮಂಗಳ, ಮಕ್ಕಳು ಹಾಗೂ ಮಾಗಡಿಯ ನೆಂಟರನ್ನು ಪ್ರತಿ ರಜೆಯಲ್ಲೂ ಇದೇ ಹೊಂಗೆಮರದ ಕೆಳಗೆ ಕೂರಿಸುತ್ತ ಬಂದಿರುತ್ತಾನೆ. ರೈಲು ಹೊರಟು ಹೋದ ಮೇಲೆ ಹೆಂಡತಿಯ ಕಡೆ ತಿರುಗಿ, "ಮುಂದಿನ ರಜೆಗೆ ಹತ್ತಿಸ್ತೀನಿ ಕಣೇ" ಎಂದು ಹೇಳುವುದೂ ರೂಢಿಯಲ್ಲಿದೆ. ಹೆಂಡತಿಯೊಬ್ಬಳನ್ನು ಹತ್ತಿಸಿದರೆ ಮಾಗಡಿಯವರೆಲ್ಲರನ್ನೂ ಹತ್ತಿಸಬೇಕಾಗುತ್ತದೆ, ಅವರನ್ನು ಬಿಟ್ಟರೆ ನೆಂಟಸ್ತಿಕೆ ಹೋಗುತ್ತದೆ. ಇದು ಸದರಿಯವನ ಕಷ್ಟ. ಇದನ್ನು ಸದರಿಯವಳಿಗೆ ಹೇಳುವ ಧೈರ್ಯ ಅವನಿಗೆ ಬಂದಿಲ್ಲವೆಂಬುದನ್ನೂ ದಾಖಲಿಸಲಾಗಿದೆ.

ಘಟನೆ

ಕಳೆದ ಸೋಮವಾರ ಸಂಜೆ ಇಂಜಿನ್ನು ನೀರು ಕುಡಿಯುತ್ತ ನಿಂತಿದ್ದಾಗ, ಮೀನಾಕ್ಷಮ್ಮನವರು ಯಾರ ಅಪ್ಪಣೆಯನ್ನೂ ಕೇಳದೆ ಎದ್ದು ಹೋಗಿ ಇಂಜಿನ್ನಿನ ಮೂತಿಗೆ ಮೂರು ಗೆರೆ ವಿಭೂತಿ ಬಳಿದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಹಳಿಯ ಮೇಲೆ ತೆಂಗಿನಕಾಯಿ ಒಡೆದು ಮಂಗಳಾರತಿ ಎತ್ತಿರುತ್ತಾರೆ. ಹೊಸ ಗಾಡಿಗೆ ಮಾಡುವ ಶಾಸ್ತ್ರವನ್ನು ಇದಕ್ಕೆ ಯಾರೂ ಮಾಡಿದಂತೆ ಕಾಣಲಿಲ್ಲವೆಂಬುದು ಅವರು ಕೊಟ್ಟ ಕಾರಣ. ಇಂಜಿನ್ನಿನ ಡ್ರೈವರು ಟೋಪಿ ತೆಗೆದು ನಿಂತದ್ದು ಕ್ರಮವೋ ಅಕ್ರಮವೋ ಇನ್ನೂ ತೀರ್ಮಾನವಾಗಿಲ್ಲ. ಅನಂತರ ಸದರಿಯವರು ಕಾಯಿಚೂರಿನ ತಟ್ಟೆಯೊಂದಿಗೆ ಡಬ್ಬಿ ಹತ್ತಿ, ಕೂತವರಿಗೆಲ್ಲ ಹಂಚುತ್ತಿರುವಾಗಲೇ ರೈಲು ಹೊರಟುಹೋಯಿತು.

ಮೀನಾಕ್ಷಮ್ಮನವರು ಚನ್ನಪಟ್ಟಣದಲ್ಲಿ ಇಳಿದು, ರಾತ್ರಿ ಅಲ್ಲಿಯ ಬೀಗರ ಮನೆಯಲ್ಲಿ ಉಳಿದು, ಬೆಳಗ್ಗೆ ಬಣ್ಣದ ಗೊಂಬೆ ಮಾಡುವವರ ಗಾಡಿಯಲ್ಲಿ ಕೈಯಲ್ಲೊಂದು ಗಿಲಕಿ ಹಿಡಿದು ವಾಪಸಾದರು. ಅವರ ಹೇಳಿಕೆ ಯಥಾವತ್ತಾಗಿ:

"ಪೂಜೆ ಆದ್ಮೇಲೆ ಗಾಡೀಲಿ ಇರೋರ್ಗೆ ಪರ್ಸಾದ ಕೊಡ್ದೆ ಬರೋದುಂಟೇನಪ್ಪ? ಹೊಂಟಾಗ ತೊಟ್ಲು ತೂಗ್ದಂಗಾಯ್ತು. ತಡಿಯೋ ಇಳೀತೀನಿ ಅಂತ ಹಲಗೆ ತಟ್ದೆ, ಹೋ ಹೋ ಅಂದೆ. ಅದು ಕೇಳಿಸ್ಕಂಡ್ರೆ ತಾನೆ? ನಮ್ ಎತ್ತಾಗಿದ್ರೆ ಆವಾಗ್ಲೇ ನಿಂತಿರೋವು."

ಪೋರ್ಟರ್ ಕೆಂಪಯ್ಯನ ಹೇಳಿಕೆ: "ಮಂಗ್ಳಾರ್ತಿ ನಡೀತಿರುವಾಗ ಗಂಟೆ ಹೊಡೀಲಾ ಸ್ವಾಮಿ? ಮುಗೀಲಿ ಅಂತ ನಿಂತಿದ್ದು ಆಮೇಲೆ ಹೊಡ್ದೆ. ಹೊಡ್ದ್ ಮೇಲೆ ಅಜ್ಜಿ ಹತ್ತಿದ್ದ ಕಂಡೆ. ಕೂಗಾನ ಅಂದ್ರೆ ನಂಗೂ ಕೊಟ್ಟಿದ್ ಕಾಯಿಚೂರು ಬಾಯಲ್ಲಿತ್ತು. ಪರ್ಸಾದ ಉಗಿಯೋಕಾದದಾ?"

ಪರಿಣಾಮ

ಈ ಘಟನೆಯಿಂದ ರೈಲಿಗೆ ಯಾವ ನಷ್ಟವೂ ಆಗಿಲ್ಲ. ಗವಿಸಿದ್ದಯ್ಯನಿಗೆ ಆಗಿದೆ. ಅತ್ತೆ ರೈಲು ಹತ್ತಿ ಬಂದ ಗಳಿಗೆಯಿಂದ ಸರ್ವಮಂಗಳ ಗಂಡನೊಂದಿಗೆ ಮಾತು ಬಿಟ್ಟಿರುತ್ತಾಳೆ. ಹೇಳಬೇಕಾದದ್ದನ್ನೆಲ್ಲ ಒಲೆಗೆ ಹೇಳುತ್ತಾಳೆ. ಅವನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳತಕ್ಕದ್ದು. ಮಾದರಿಗೆ:

"ಕೇಳಿಸ್ಕಂಡ್ಯಾ ಒಲೇ? ಮುದ್ಕೀರ್ಗೂ ರೈಲು ಸಿಕ್ತು. ನಮ್ ಹಣೇಲಿ ಬರ್ದಿರೋ ಹೊಗೆ ನಿಂದೊಂದೇ."

ಅವನು "ಮುಂದಿನ ರಜೆಗೆ" ಎಂದು ಬಾಯಿ ತೆರೆದದ್ದಕ್ಕೆ: "ಒಲೇ, ಇವರ್ಗೇಳು. ಮುಂದಿನ್ ರಜೆ ಅಂತ ಸುರು ಮಾಡ್ದಾಗ ದೊಡ್ಡವಳು ತೊಟ್ಲಲ್ಲಿದ್ಲು. ಈಗ ಅವಳ್ಗೆ ಲಂಗ ಸಾಲ್ದು."

ಮುಂದಿನ ವಾರ ಇಸ್ಕೂಲು ತೆರೆಯುತ್ತದೆ. ಅಷ್ಟರೊಳಗೆ ಹೆಂಡತಿಯನ್ನು ರೈಲು ಹತ್ತಿಸದಿದ್ದರೆ ಇನ್ನೊಂದು ವರ್ಷ ಒಲೆಯ ಮೂಲಕವೇ ಸಂಸಾರ ನಡೆಸಬೇಕಾದೀತೆಂದು ಸದರಿ ಗುಮಾಸ್ತೆಗೆ ಮನವರಿಕೆಯಾಗಿದೆ.

ಇಷ್ಟರಲ್ಲಿ ದೊಡ್ಡ ಸಾಹೇಬರು ಗುಮಾಸ್ತೆಗೆ ಛೀಮಾರಿ ಹಾಕಿ, ಇಂಥದ್ದು ಮತ್ತೆ ಆಗದಂತೆ ಸುತ್ತೋಲೆ ಹೊರಡಿಸಲು ಅಪ್ಪಣೆ ಮಾಡಿದರು. ಸುತ್ತೋಲೆಯ ಭಾಷೆ ಬಲ್ಲವರು ಕಚೇರಿಯಲ್ಲಿ ಬೇರೆ ಯಾರೂ ಇಲ್ಲದಿರುವುದರಿಂದ, ಕರಡನ್ನು ಸದರಿ ಗವಿಸಿದ್ದಯ್ಯನೇ ಬರೆಯತಕ್ಕದ್ದೆಂದು ಆಜ್ಞೆಯಾಯಿತು. ಅವನು ತಲೆ ತಗ್ಗಿಸಿ ಒಪ್ಪಿಕೊಂಡನು. ತಲೆ ತಗ್ಗಿಸಿದ್ದು ಪಶ್ಚಾತ್ತಾಪದಿಂದಲೋ ನಗು ಮರೆಸಲೋ ಎಂಬುದು ಈ ಕಡತದ ವ್ಯಾಪ್ತಿಗೆ ಬರುವುದಿಲ್ಲ.

ಆದಕಾರಣ ಸಾರ್ವಜನಿಕರಿಗೂ ಸಿಬ್ಬಂದಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ರೈಲು ನೋಡಲು ಬರುವವರಲ್ಲಿ ಮಾಗಡಿ ಮತ್ತು ಕಾನಕಾನಹಳ್ಳಿಯವರಿಗೆ ಮುಂದಿನ ಸಾಲು ಕೊಡತಕ್ಕದ್ದು. ಚನ್ನಪಟ್ಟಣದವರಿಗೆ ಅವರದ್ದೇ ಸ್ಟೇಷನ್ನು ಇರುವುದರಿಂದ ಅವರು ಹಿಂದೆ ನಿಲ್ಲತಕ್ಕದ್ದು, ಮತ್ತು ಆಶ್ಚರ್ಯಪಡತಕ್ಕದ್ದಲ್ಲ.

೨. ಬುತ್ತಿಯಲ್ಲಿ ಚಿತ್ರಾನ್ನ, ಮೊಸರನ್ನ, ಹುರಿಗಾಳಿಗೆ ಅಡ್ಡಿಯಿಲ್ಲ. ಮುದ್ದೆ ಮತ್ತು ಉಪ್ಸಾರನ್ನು ರೈಲು ನಿಂತಿರುವಾಗ ಬಿಚ್ಚತಕ್ಕದ್ದಲ್ಲ. ಬೆಂಗಳೂರಿನಿಂದ ಹಸಿದು ಬರುವ ಪ್ರಯಾಣಿಕರು ವಾಸನೆಗೆ ಇಳಿದುಬಿಡುವ ಸಂಭವವಿದೆ. ಹೋದ ಬೇಸಿಗೆಯಲ್ಲಿ ಹಾಗೆ ಇಳಿದ ಒಬ್ಬರು ಈಗ ಇದೇ ಊರಿನಲ್ಲಿ ಅಂಗಡಿ ಇಟ್ಟಿರುತ್ತಾರೆ.

೩. ಎತ್ತುಗಳ ಹೆದರಿಕೆ ಬಿಡಿಸಲೆಂದು ಅವುಗಳಿಗೆ ಇಂಜಿನ್ನನ್ನು ಪರಿಚಯ ಮಾಡಿಸುವವರು, ಇಂಜಿನ್ನು ಶಾಂತವಾಗಿರುವಾಗ ಮಾತ್ರ ಮಾಡಿಸತಕ್ಕದ್ದು. ಎತ್ತಿನ ಹಗ್ಗವನ್ನು ಡಬ್ಬಿಗೆ ಕಟ್ಟುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ.

೪. ಇಡೀ ರೈಲಿಗೆ ಒಂದೇ ನಿಂಬೆಹಣ್ಣು. ಪ್ರತಿ ಸಂಸಾರವೂ ತನ್ನ ಪಾಲಿನ ಚಕ್ರಕ್ಕೆ ಬೇರೆ ಬೇರೆ ಇಡತಕ್ಕದ್ದಲ್ಲ. ಇಟ್ಟ ಹಣ್ಣನ್ನು ರೈಲು ಹೋದ ಮೇಲೆ ಪಾನಕಕ್ಕೆ ಆರಿಸಿಕೊಳ್ಳುವುದು ಕಂಡುಬಂದಲ್ಲಿ, ಮಾಡಿದ ಪೂಜೆಯನ್ನು ರದ್ದುಪಡಿಸಲಾಗುವುದು.

೫. ಪ್ರಸಾದವನ್ನು ಕೆಳಗೆ ನಿಂತು ಕಿಟಕಿಯ ಮೂಲಕವೇ ಕೊಡತಕ್ಕದ್ದು. ಕೆಂಪಯ್ಯನಿಗೆ ಕೊಡುವ ಚೂರು ಕೂಗಲು ಅಡ್ಡಿಯಾಗದಷ್ಟು ಚಿಕ್ಕದಾಗಿರತಕ್ಕದ್ದು. ಈ ಕಲಮಿನ ಬಗ್ಗೆ ಕೆಂಪಯ್ಯನು ಆಕ್ಷೇಪಣೆ ಸಲ್ಲಿಸಿರುತ್ತಾನೆ, ಪರಿಶೀಲನೆಯಲ್ಲಿದೆ.

೬. ರೈಲು ಹೊರಡುವಾಗ ಹೆಂಗಸರು ನಿಟ್ಟುಸಿರು ಬಿಡುವುದಾದರೆ ಇಂಜಿನ್ನಿನ ಸದ್ದಿಗಿಂತ ಕಡಿಮೆ ಸದ್ದಿನಲ್ಲಿ ಬಿಡತಕ್ಕದ್ದು. ಗಂಡಂದಿರು ಅದನ್ನು ಇಂಜಿನ್ನಿನ ಸದ್ದೆಂದೇ ತಿಳಿದುಕೊಳ್ಳತಕ್ಕದ್ದು.

೭. "ಮುಂದಿನ ರಜೆಗೆ" ಎಂಬ ಮಾತನ್ನು ಸ್ಟೇಷನ್ನಿನ ಹದ್ದಿನೊಳಗೆ ಯಾವ ಗಂಡಸೂ ಆಡತಕ್ಕದ್ದಲ್ಲ. ಆಡಲೇಬೇಕಾದವರು ಗೇಟಿನ ಹೊರಗೆ ಹೋಗಿ, ಮುಖ ಗೋಡೆಯ ಕಡೆ ಮಾಡಿ ಆಡತಕ್ಕದ್ದು. ಈ ಕಲಮನ್ನು ಬರೆಯುವಾಗ ಗುಮಾಸ್ತೆಯು ಲೇಖನಿಯನ್ನು ಎರಡು ಸಲ ಕೆಳಗಿಟ್ಟಿರುತ್ತಾನೆ.

೮. ರೈಲಿನಿಂದ ಇಳಿಯಲು ಹಲಗೆ ತಟ್ಟುವುದು, ಹೋ ಹೋ ಎನ್ನುವುದು ಮುಂತಾದ ಗಾಡಿಯ ಪದ್ಧತಿಗಳು ಉಪಯೋಗಕ್ಕೆ ಬರುವುದಿಲ್ಲವೆಂದು ಹೆಂಗಸರಿಗೆ ಬಾಯಲ್ಲಿ ಹೇಳಿದರೆ ಸಾಲದು, ಕಣ್ಣಾರೆ ತೋರಿಸತಕ್ಕದ್ದು. ಆದ್ದರಿಂದ ಈವರೆಗೆ ರೈಲು ಹತ್ತದ, ಸಿಬ್ಬಂದಿಯ ಮನೆಯ ಒಬ್ಬ ಹೆಣ್ಣುಮಗಳನ್ನು ಕ್ಲೋಸ್‌ಪೇಟೆಯಲ್ಲಿ ಹತ್ತಿಸಿ, ಚನ್ನಪಟ್ಟಣದಲ್ಲಿ ಸರಿಯಾಗಿ ಇಳಿಸಿ, ಸರ್ಕಾರಿ ಖರ್ಚಿನಲ್ಲಿ ವಾಪಸು ಕರೆತರತಕ್ಕದ್ದು. ಇದು ವಿಹಾರವಲ್ಲ, ಪ್ರಾತ್ಯಕ್ಷಿಕೆ. ಮಾಗಡಿಯ ನೆಂಟರು ಇದರಲ್ಲಿ ಪಾಲು ಕೇಳಲು ಬರುವುದಿಲ್ಲ. ವರದಿ ಬರೆದುಕೊಳ್ಳಲು ಅವಳೊಂದಿಗೆ ಒಬ್ಬರನ್ನು ಕಳಿಸತಕ್ಕದ್ದು. ಆ ಒಬ್ಬರು ಗುಮಾಸ್ತೆಯಾಗಿದ್ದರೆ ಉತ್ತಮ, ಅವಳ ಗಂಡನಾಗಿದ್ದರೆ ಇನ್ನೂ ಉತ್ತಮ.

೯. ಪ್ರಾತ್ಯಕ್ಷಿಕೆ ನಡೆದ ಮೇಲೆ ಅದರ ವರದಿಯನ್ನೂ ಸೇರಿಸಿ ಈ ಸುತ್ತೋಲೆಯನ್ನು ಹೊರಡಿಸತಕ್ಕದ್ದು.

ಪ್ರಾತ್ಯಕ್ಷಿಕೆಯ ವರದಿ

ದೊಡ್ಡ ಸಾಹೇಬರು ಕಾಗದಗಳನ್ನು ಓದಿ ರುಜು ಮಾಡುವ ಪದ್ಧತಿ ಇಟ್ಟುಕೊಂಡಿಲ್ಲವೆಂಬುದು ಗುಮಾಸ್ತೆಗೆ ತಿಳಿದೇ ಇತ್ತು. ಆದರೆ ಆ ದಿನ ಅವರು ಕರಡನ್ನು ಮನೆಗೆ ಒಯ್ದದ್ದೂ, ಅವರ ಹೆಂಡತಿ ಗಿರಿಜಾಂಬನವರು ಅದರಿಂದ ಗಾಳಿ ಬೀಸಿಕೊಳ್ಳುತ್ತ ಎಂಟನೆಯ ಕಲಮಿನ ಮೇಲೆ ಕಣ್ಣು ಹಾಯಿಸಿದ್ದೂ ಅವನ ಲೆಕ್ಕಾಚಾರದಲ್ಲಿ ಇರಲಿಲ್ಲ. ಅವರು ಸಾಹೇಬರಿಗೆ ಹೇಳಿದ್ದು, ಜವಾನನು ಬಾಗಿಲ ಹೊರಗೆ ಕೇಳಿಸಿಕೊಂಡು ತಂದಂತೆ:

"ಗುಮಾಸ್ತೆ ಹೆಂಡ್ತಿ ಇಳಿಯೋದು ತೋರ್ಸಿದ್ರೆ ಗುಮಾಸ್ತೆ ಹೆಂಡ್ತೀರು ಕಲೀತಾರೆ. ಸಾಹೇಬರ ಹೆಂಡ್ತೀರ್ಗೆ ಯಾರು ತೋರಿಸ್ತಾರೆ? ನೀವು ಸರ್ಕೀಟು ಅಂತ ತಿರುಗ್ತಾನೇ ಇರ್ತೀರಿ. ನಾನು ಮಾತ್ರ ಮದುವೆ ಆದಾಗ್ನಿಂದ ರೈಲಿನ ಕೂಗು ಕೇಳ್ಕಂಡು ಕಾಫಿಗೆ ನೀರಿಡ್ತಾ ಇದೀನಿ. ವರದಿ ಬರೆಯೋಕೆ ನನಗೂ ಅಕ್ಷರ ಬರುತ್ತೆ."

ಮರುದಿನ ಬೆಳಗ್ಗೆ ದೊಡ್ಡ ಸಾಹೇಬರು ಕರಡನ್ನು ತಿದ್ದುಪಡಿಗೆಂದು ಕಚೇರಿಗೆ ವಾಪಸು ತಂದರು.

ಹೀಗಾಗಿ ಕರಡಿಗೆ ಲಗತ್ತಿಸಿದ್ದ ಹೋಗುವವರ ಪಟ್ಟಿಯಲ್ಲಿ ಪ್ರಾತ್ಯಕ್ಷಿಕೆಗೆ ಸರ್ವಮಂಗಳ, ವರದಿಗೆ ಗಿರಿಜಾಂಬ ಎಂದು ತಿದ್ದುಪಡಿಯಾಗಿ, ಗವಿಸಿದ್ದಯ್ಯನ ಹೆಸರನ್ನು ಹೊಡೆದುಹಾಕಲಾಯಿತು. ಹೊಡೆದುಹಾಕಿದ ಗೆರೆಯನ್ನು, ಅಕ್ಷರ ಚೆನ್ನಾಗಿದೆಯೆಂಬ ಕಾರಣಕ್ಕೆ, ಅವನ ಕೈಯಿಂದಲೇ ಎಳೆಸಲಾಯಿತು. ಇಲ್ಲಿ ಒಂದು ಸಂಗತಿಯನ್ನು ನಮೂದಿಸುವುದು ಅಗತ್ಯ: ಪ್ರತಿ ರಜೆಯಲ್ಲೂ ರೈಲು ಹತ್ತಿಸುತ್ತೇನೆಂದು ಹೇಳುತ್ತ ಬಂದ ಸದರಿ ಗವಿಸಿದ್ದಯ್ಯನೂ ಈವರೆಗೆ ರೈಲು ಹತ್ತಿದವನಲ್ಲ.

ಗುರುವಾರ ಸಂಜೆ ಸರ್ವಮಂಗಳ ಮದುವೆಯ ಸೀರೆಯುಟ್ಟು ಸ್ಟೇಷನ್ನಿಗೆ ಹಾಜರಾದಳು. ಮೀನಾಕ್ಷಮ್ಮನವರು ಸೊಸೆಯ ಕೈಗೆ ನಿಂಬೆಹಣ್ಣು ಕೊಟ್ಟು, "ಹಲಗೆ ತಟ್ಬೇಡ ಕಣವ್ವ, ಕೇಳಕ್ಕಿಲ್ಲ ಅದು. ನಿಂತ್ಮೇಲೆ ಇಳಿ, ಅಷ್ಟೇಯ" ಎಂದು ತಿಳಿವಳಿಕೆ ನೀಡಿದರು. ಸುತ್ತೋಲೆಯ ಸಾರವೆಲ್ಲ ಇದರಲ್ಲಿ ಅಡಗಿರುವುದನ್ನು ಇಲಾಖೆ ವಿಷಾದದಿಂದ ಗಮನಿಸಿದೆ. ಮಾಗಡಿಯ ನೆಂಟರು ಮೊದಲನೆಯ ಕಲಮಿನಂತೆ ಮುಂದಿನ ಸಾಲಿನಲ್ಲಿ ಕುಳಿತು ಚಿತ್ರಾನ್ನ ತಿನ್ನುತ್ತ, "ಪಾಪ, ಸರ್ಕಾರಿ ಕೆಲ್ಸಕ್ಕೆ ಹೆಂಗಸ್ರನ್ನೂ ಹಚ್ಚವ್ರೆ" ಎಂದು ಮರುಗಿದರು. ಕೆಂಪಯ್ಯನು ಈ ಸಲ ಬಾಯಿ ಖಾಲಿ ಇಟ್ಟುಕೊಂಡು ಗಂಟೆ ಹೊಡೆದನು.

ಗವಿಸಿದ್ದಯ್ಯನು ಹೊಂಗೆಮರದ ಕೆಳಗೆ ತನ್ನ ಎಂದಿನ ಜಾಗದಲ್ಲಿ ನಿಂತಿದ್ದನು. ರೈಲು ಅಲುಗಿತು. ಏಳನೆಯ ಕಲಮಿನಂತೆ ಅವನಿಗೆ ಆಡಲು ಯಾವ ಮಾತೂ ಉಳಿದಿರಲಿಲ್ಲ. ಆಗ ಸರ್ವಮಂಗಳ ಕಿಟಕಿಯಿಂದ ತಲೆ ಹೊರಗೆ ಹಾಕಿ, ಊರೆಲ್ಲ ಕೇಳುವಂತೆ ಕೂಗಿದಳು:

"ಏನೂಂದ್ರೇ! ಹಾಲು ಕೆಂಡದ ಮ್ಯಾಲೈತೆ, ಉಕ್ಕೋಗ್ದಂಗೆ ನೋಡ್ಕಳಿ!"

ಘಟನೆಯಾದಂದಿನಿಂದ ಅವಳು ಗಂಡನಿಗೆ ನೇರವಾಗಿ ಆಡಿದ ಮೊದಲ ಮಾತು ಇದು. ರೈಲು ಚನ್ನಪಟ್ಟಣದ ಕಡೆಯ ತಿರುವು ದಾಟಿ ಕಾಣದಾಯಿತು. ಆಗ ಹೊಂಗೆಮರದ ಕಡೆಯಿಂದ ಒಂದು ನಿಟ್ಟುಸಿರು ಕೇಳಿಬಂತು. ಆರನೆಯ ಕಲಮು ಹೆಂಗಸರಿಗೆ ಮಾತ್ರ ಅನ್ವಯಿಸುವುದರಿಂದ ಕ್ರಮ ಜರುಗಿಸಿಲ್ಲ. ಗುಮಾಸ್ತೆಯು ಮನೆಗೆ ಓಡಿದನು. ಹಾಲು ಉಕ್ಕಿರಲಿಲ್ಲ.

ಇಳಿಯುವ ವಿಧಾನದ ಬಗ್ಗೆ ಗಿರಿಜಾಂಬನವರ ವರದಿಯ ಪೂರ್ಣ ಪಾಠ: "ಸರಿಯಾಗಿ ಇಳಿದೆವು. ಒಂದು ಸಲಕ್ಕೆ ಕಲಿಯುವ ವಿದ್ಯೆ ಅಲ್ಲ. ಮುಂದಿನ ಗುರುವಾರ ಮತ್ತೆ ಹೋಗತಕ್ಕದ್ದು."

(ರುಜು ಓದಲು ಬಂದಿಲ್ಲ)
ದೊಡ್ಡ ಸಾಹೇಬರು
ಕರಡು ಮತ್ತು ಶುದ್ಧಪ್ರತಿ: ಗವಿಸಿದ್ದಯ್ಯ, ಗುಮಾಸ್ತೆ, ಹಾಲು ಕಾಯಿಸಿ ಬಂದ ಮೇಲೆ

ಪ್ರತಿಗಳು:
೧. ಸ್ಟೇಷನ್ ಮಾಸ್ತರರಿಗೆ, ಹೊಂಗೆಮರಕ್ಕೆ ಅಂಟಿಸಲು.
೨. ಮಾಗಡಿ ಮತ್ತು ಕಾನಕಾನಹಳ್ಳಿ ಕಚೇರಿಗಳಿಗೆ, ಎತ್ತಿನ ಗಾಡಿಯಲ್ಲಿ.
೩. ಚನ್ನಪಟ್ಟಣ ಕಚೇರಿಗೆ, ಆಶ್ಚರ್ಯಪಡದೆ ಸ್ವೀಕರಿಸಲು.
೪. ಕೆಂಪಯ್ಯನಿಗೆ, ಓದಿ ಹೇಳಲು ಒಬ್ಬರೊಂದಿಗೆ, ಒಂದು ಕಾಯಿಚೂರಿನ ಸಮೇತ.
೫. ಶ್ರೀಮತಿ ಗಿರಿಜಾಂಬನವರಿಗೆ, ಗಾಳಿ ಬೀಸಿಕೊಳ್ಳಲು.
೬. ಗುಮಾಸ್ತೆ ಗವಿಸಿದ್ದಯ್ಯನವರ ಮನೆಯ ಒಲೆಗೆ, ಮಾಹಿತಿಗಾಗಿ. ಇನ್ನು ಮುಂದೆ ಗಂಡ ಹೆಂಡಿರ ವ್ಯವಹಾರ ತಮ್ಮ ಮೂಲಕ ನಡೆಯತಕ್ಕದ್ದಲ್ಲ.