ಬಸವಪ್ರಸಾದರ ಬಚ್ಚಲ ನೀರು

ಇಷ್ಟಕ್ಕೆಲ್ಲ ಕಾರಣ ಒಂದು ಬಾಳೆ ಎಲೆ.

ನಂಜನಗೂಡಿನ ಬಸ್ ಸ್ಟ್ಯಾಂಡಿನಿಂದ ದೇವಸ್ಥಾನಕ್ಕೆ ಹೋಗುವ ದಾರಿಯ ಪಕ್ಕದ ಬೀದಿಯಲ್ಲಿ ಬಸವಪ್ರಸಾದರ ಮನೆ. ಹಿತ್ತಲಲ್ಲಿ ಒಂದೇ ಒಂದು ರಸಬಾಳೆ. ಊರಿನ ಹೆಸರು ಹೊತ್ತ ಹಣ್ಣು ಊರಲ್ಲೇ ಅಪರೂಪವಾಗಿರುವ ಕಾಲದಲ್ಲಿ, ನೆಟ್ಟ ಗಿಡಗಳೆಲ್ಲ ಸೊರಗಿ ಸತ್ತ ಮೇಲೆ ಇದೊಂದು ಬದುಕಿ ಗೊನೆ ಹಾಕಿತ್ತು. ಅದು ಕುಡಿಯುತ್ತಿದ್ದದ್ದು ಮನೆಯವರು ಮಿಂದ ನೀರು. ಬಚ್ಚಲಿನಿಂದ ಪೈಪು, ಪೈಪಿನಿಂದ ಮರಳು ಇದ್ದಿಲು ತುಂಬಿದ ಗುಂಡಿ, ಅಲ್ಲಿಂದ ಸಣ್ಣ ಕೊಳಾಯಿಯಲ್ಲಿ ಗಿಡದ ಬುಡಕ್ಕೆ. "ನನ್ನ ಬಾಣಂತನದಲ್ಲೂ ಇವರು ಇಷ್ಟು ಸಲ ಬಂದು ನೋಡಿರಲಿಲ್ಲ" ಎಂದು ಹೆಂಡತಿ ಚನ್ನಬಸಮ್ಮ ಆ ಗೊನೆಯನ್ನು ತೋರಿಸಿ ಹೇಳುತ್ತಿದ್ದರು.

ಪಕ್ಕದ ಮನೆಯ ಸುಬ್ಬಲಕ್ಷ್ಮಮ್ಮ ಹಬ್ಬಕ್ಕೆ ಎಲೆ ಕೇಳಿದರು, ಇವರು ಕೊಟ್ಟರು. ಮಾರನೆಯ ದಿನ ಇನ್ನೊಂದು ಎಲೆಗೆಂದು ಹಿತ್ತಲಿಗೆ ಬಂದವರ ಕಣ್ಣು ಪೈಪಿನ ಮೇಲೆ ಬಿತ್ತು.

"ನೀವು ಮಿಂದ ನೀರು ಕುಡ್ದಿರೋ ಎಲೆ ಮೇಲೆ ನಾನು ಪಾಯಸ ಬಡಿಸ್ಕೊಂಡ್ನಲ್ರೀ" ಎಂದವರೇ ನಗರಸಭೆಯ ಕಚೇರಿಗೆ ದೂರು ಕೊಟ್ಟರು.

ಬಚ್ಚಲ ನೀರಿಗೆ ಕಚೇರಿಯಲ್ಲಿ ಬೂದು ನೀರು ಎಂಬ ಹೆಸರಿದೆಯೆಂದೂ ಅದನ್ನು ಗಿಡಕ್ಕೆ ಬಿಡಲು ಅನುಮತಿ ಬೇಕೆಂದೂ ಬಸವಪ್ರಸಾದರಿಗೆ ತಿಳಿದದ್ದು ನೋಟೀಸು ಬಂದಾಗ. ಸೋಮವಾರ ತಪಾಸಣೆ. ಪಾಸಾದರೆ ಅನುಮತಿ, ಇಲ್ಲದಿದ್ದರೆ ಪೈಪಿಗೆ ಸಿಮೆಂಟು. ಈ ಬಿಸಿಲಲ್ಲಿ ನೀರು ನಿಂತರೆ ಗೊನೆ ಬಲಿಯುವ ಮಾತೇ ಇಲ್ಲ.

ಆದರೂ ಬಸವಪ್ರಸಾದ್ ಹೆದರುವ ಆಸಾಮಿಯಲ್ಲ. ಸಹಕಾರ ಸಂಘದಲ್ಲಿ ಗುಮಾಸ್ತರಾಗಿ ಎಷ್ಟೋ ತಪಾಸಣೆ ಕಂಡವರು. ಸೋಮವಾರ ರಜೆ ಹಾಕಿ, ಗುಂಡಿಯ ಸುತ್ತ ರಂಗೋಲಿಯನ್ನೂ ಹಾಕಿಸಿ ಕೂತರು. ಅಷ್ಟರಲ್ಲಿ ತಪಾಸಣೆಯ ಕೃಷ್ಣಕುಮಾರ್ ಫೋನ್ ಮಾಡಿದರು.

"ಸಾರ್, ಹತ್ತು ಗಂಟೆಗೆ ಬರ್ತೀನಿ. ಗುಂಡಿ ತುಂಬಿ ಕೊಳಾಯಲ್ಲಿ ನೀರು ಬರೋದನ್ನ ನಾನು ಕಣ್ಣಾರೆ ನೋಡ್ಬೇಕು. ಸ್ಯಾಂಪಲ್ ಹಿಡೀಬೇಕು."

"ಅದಕ್ಕೇನಂತೆ, ನಾಲ್ಕು ಬಕೆಟ್ ಸುರಿದ್ರಾಯ್ತು."

"ಅದೆಲ್ಲ ನಡಿಯಲ್ಲ. ಸೋಪು ಕದಡಿ ಸುರಿದೋರನ್ನೂ ನೋಡಿದ್ದೀನಿ, ಲ್ಯಾಬಲ್ಲಿ ಗೊತ್ತಾಗೋಗುತ್ತೆ. ಮನುಷ್ಯರು ಮಿಂದಿರೋ ನೀರೇ ಆಗ್ಬೇಕು."

ಮನೆಯಲ್ಲಿರುವುದು ಇಬ್ಬರು. ಚನ್ನಬಸಮ್ಮ ಬೆಳಗಿನ ಜಾವವೇ ಮಿಂದಾಗಿತ್ತು, ಆ ನೀರನ್ನು ಒಣ ಮರಳು ಕುಡಿದು ಬಾಯಿ ಒರೆಸಿಕೊಂಡಿತ್ತು. ಉಳಿದದ್ದು ಬಸವಪ್ರಸಾದರ ಸ್ನಾನ. ಅದನ್ನು ಸಾಹೇಬರು ಬಂದ ಮೇಲೆಯೇ ಮಾಡುವುದೆಂದು ಅವರು ಎತ್ತಿಟ್ಟರು. ಸ್ನಾನ, ಲಿಂಗಪೂಜೆ ಆಗದೆ ತಿಂಡಿ ಮುಟ್ಟುವವರಲ್ಲ. ಅಡುಗೆಮನೆಯಿಂದ ಬರುತ್ತಿದ್ದ ದೋಸೆಯ ವಾಸನೆಗೆ ಮೂಗು ಮುಚ್ಚಿಕೊಂಡು ಬೀದಿಗಿಳಿದರು. ಮಿಕ್ಕ ನೀರಿಗೆ ನೆರೆಹೊರೆಯವರನ್ನು ತಮ್ಮ ಬಚ್ಚಲಿಗೆ ಕರೆದು ಮೀಯಿಸಿದರಾಯಿತು ಎಂಬ ಧೈರ್ಯ.

ಆದರೆ ಆ ಬೀದಿಯಲ್ಲಿ ಸೂರ್ಯ ಹುಟ್ಟಿದ ಮೇಲೆ ಮೀಯದೆ ಇರುವವರು ಯಾರೂ ಇಲ್ಲ. ಒಂದೇ ದಿನ ಎರಡನೆಯ ಸ್ನಾನವೆಂದರೆ ಅದಕ್ಕೆ ಒಂದೇ ಅರ್ಥ.

"ಮತ್ತೆ ಸ್ನಾನ ಮಾಡ್ಬೇಕಾ?" ಸುಬ್ಬಲಕ್ಷ್ಮಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ಯಾರು ಹೋದ್ರು?"

"ಯಾರೂ ಹೋಗಿಲ್ಲ ಕಣ್ರೀ."

"ಪಾಪ, ಬಾಯಿ ಬಿಟ್ಟು ಹೇಳೋಕೂ ಆಗ್ತಿಲ್ಲ ನಿಮ್ಗೆ."

ಸ್ವಲ್ಪ ಹೊತ್ತಿಗೆಲ್ಲ ಬೀದಿಯ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡು ಚನ್ನಬಸಮ್ಮನ ಬಾಗಿಲಲ್ಲಿ ನಿಂತಿದ್ದರು. "ಮೂಗೂರಲ್ಲಿರೋ ನಿಮ್ಮ ತಾಯೀನೇನಮ್ಮ?"

"ನಮ್ಮವ್ವ ಈಗ ತಾನೇ ಫೋನಲ್ಲಿ ನನ್ನ ಬೈದ್ಲು. ಗಟ್ಟಿಮುಟ್ಟಾಗವ್ಳೆ" ಎಂದರು ಚನ್ನಬಸಮ್ಮ. ಯಾರೂ ನಂಬಲಿಲ್ಲ. ಸಾವಿನ ಮನೆಯ ಹೊಸಿಲು ತುಳಿದ ಮೇಲೆ ಮೀಯಲೇಬೇಕೆಂದು ಎಲ್ಲರೂ ಹೋಗಿ ತಲೆಗೆ ನೀರು ಹಾಕಿಕೊಂಡರು, ಅವರವರ ಬಚ್ಚಲಲ್ಲಿ. ಬೀದಿಗೆ ಬೀದಿಯೇ ಮಿಂದ ಅಪ್ಪಟ ಬೂದು ನೀರು ಕಣ್ಣೆದುರೇ ಚರಂಡಿಗೆ ಹರಿಯುವುದನ್ನು ನೋಡಿ ಬಸವಪ್ರಸಾದರ ಹೊಟ್ಟೆ ಉರಿಯಿತು. ಹಸಿವೂ ಸೇರಿತ್ತು.

ಆಗ ಬಸ್ಸಿಳಿದು, ಹೆಗಲ ಮೇಲೆ ಟವೆಲು ಹಾಕಿಕೊಂಡು ಹೊಳೆಯ ಕಡೆ ಹೊರಟಿದ್ದ ಒಂದು ಗುಂಪು ಕಣ್ಣಿಗೆ ಬಿತ್ತು. ದಿನವೂ ಸ್ನಾನಕ್ಕೆ ನೀರು ಕೇಳಿಕೊಂಡು ಬರುವ ಭಕ್ತರನ್ನು ಗದರಿ ಕಳಿಸುತ್ತಿದ್ದ ಬಸವಪ್ರಸಾದ್, ಇಂದು ಓಡಿಹೋಗಿ ಅಡ್ಡ ನಿಂತರು. ಗುಂಪಿನ ಯಜಮಾನ ಚಿಕ್ಕಮಾದು, ಮೂಗೂರಿನವನು.

"ಕಪ್ಲೇಲಿ ಮೀಯ್ದೆ ಸಾಮಿ ನೋಡಕ್ಕಾಯ್ತದಾ ಸಾ?" ಎಂದ ಅವನು.

"ನಮ್ಮನೆ ನಲ್ಲೀಲಿ ಬರೋದೂ ಕಪಿಲೆ ನೀರೇ ಕಣಪ್ಪಾ. ಹೊಳೇಲಿ ನೂಕಾಟ. ನಮ್ಮಲ್ಲಾದ್ರೆ ಬಾಗಿಲು ಹಾಕ್ಕೊಂಡು ಮೀಯ್ಬೋದು."

ಬಾಗಿಲು ಎಂದ ಕೂಡಲೇ ಗುಂಪಿನ ಹೆಂಗಸರು ಚಿಕ್ಕಮಾದುವನ್ನು ಕೇಳದೆಯೇ ಒಳಗೆ ನಡೆದರು. ಮೂಗೂರಿನಿಂದ ಜನ ಬಂದಿಳಿದದ್ದನ್ನು ಕಂಡು ಸುಬ್ಬಲಕ್ಷ್ಮಮ್ಮನಿಗಿದ್ದ ಅಲ್ಪಸ್ವಲ್ಪ ಅನುಮಾನವೂ ಹೋಯಿತು.

ಒಬ್ಬರ ಹಿಂದೊಬ್ಬರು ಮಿಂದರು. ಮರಳು ತಣಿಯಿತು, ಗುಂಡಿ ತುಂಬಿತು. ಕೃಷ್ಣಕುಮಾರ್ ಹಿತ್ತಲಿಗೆ ಕಾಲಿಡುವುದಕ್ಕೂ ಕೊಳಾಯಿ ಗಳಗಳ ಎನ್ನುವುದಕ್ಕೂ ಸರಿಹೋಯಿತು. ಅವರು ಸೀಸೆಗೆ ನೀರು ಹಿಡಿದು, ಬೆಳಕಿಗೆ ಎತ್ತಿ ನೋಡಿ, ಮೂಸಿ, ತಲೆಯಾಡಿಸಿದರು.

"ಅಚ್ಚುಕಟ್ಟಾಗಿದೆ ಸಾರ್. ಆದ್ರೆ ಟವೆಲ್ ಉಟ್ಕೊಂಡಿರೋ ಇವರೆಲ್ಲ ಯಾರು?"

"ನಮ್ಮ ಮನೆಯೋಳ ಊರಿನೋರು. ನೆಂಟರು."

"ಹಂಗಾದ್ರೆ ಸರಿ. ಮನೆ ಬಳಕೆ ನೀರಿಗೆ ಮಾತ್ರ ಈ ಅನುಮತಿ." ಕೃಷ್ಣಕುಮಾರ್ ಸಹಿ ಹಾಕಲು ಪೆನ್ನು ತೆಗೆದರು. ಬಸವಪ್ರಸಾದ್ ಗೊನೆಯ ಕಡೆ ನೋಡಿ ಮೀಸೆಯ ಮೇಲೆ ಕೈಯಾಡಿಸಿಕೊಂಡರು.

ಅಷ್ಟರಲ್ಲಿ ಹಣೆ ತುಂಬ ವಿಭೂತಿ ಬಳಿದುಕೊಂಡ ಚಿಕ್ಕಮಾದು ಬಂದು ಅವರ ಕೈಗೆ ಒಂದು ನೋಟು ತುರುಕಿದ. ಬಸವಪ್ರಸಾದ್ ಅದನ್ನು ಹಿಂದಕ್ಕೆ ತಳ್ಳಿದರು, ಕಣ್ಣು ಮಿಟುಕಿಸಿದರು, ಕೆಮ್ಮಿದರು.

"ಬ್ಯಾಡ ಅನ್ಬ್ಯಾಡಿ ಸಾ. ಇನ್ನೊಬ್ರ ನೀರ್ನಲ್ಲಿ ಪುಕ್ಸಟ್ಟೆ ಮಿಂದ್ರೆ ದರ್ಸನದ ಪುಣ್ಯ ಅವ್ರಿಗೇ ಓಯ್ತದೆ. ಮೂಗೂರಿಂದ ಬಸ್ ಚಾರ್ಜ್ ಕೊಟ್ಟು ಬಂದಿರದು ನಿಮ್ಗೆ ಪುಣ್ಯ ಕೊಟ್ಟೋಗಕ್ಕಲ್ಲ."

ಮಾತು ನ್ಯಾಯವಾಗಿತ್ತು. ಅದನ್ನು ಕೇಳಿ ಮಿಕ್ಕವರೂ ಸೆರಗಿನ ಗಂಟು, ಜೇಬು ಬಿಚ್ಚಿ ತಂತಮ್ಮ ಪುಣ್ಯ ಕಾಪಾಡಿಕೊಂಡರು. ಬಸವಪ್ರಸಾದರ ಬೊಗಸೆ ತುಂಬಿತು.

ಕೃಷ್ಣಕುಮಾರ್ ಪೆನ್ನಿಗೆ ಮುಚ್ಚಳ ಹಾಕಿದರು. "ನೆಂಟರು ದುಡ್ಡು ಕೊಟ್ಟು ಸ್ನಾನ ಮಾಡ್ತಾರಾ ಸಾರ್?"

"ಅದು ಹಂಗಲ್ಲ..."

"ಇದು ಯಾತ್ರಿಕರ ಸ್ನಾನಗೃಹ. ಲೈಸೆನ್ಸ್ ಇಲ್ಲ, ಬೋರ್ಡೂ ಇಲ್ಲ. ಈ ನೀರು ಮನೆ ನೀರಲ್ಲ, ವ್ಯಾಪಾರದ ನೀರು."

"ನನ್ನ ಗಿಡ ಸಾರ್?"

"ಗಿಡಕ್ಕೆ ನಮ್ಮ ಆಕ್ಷೇಪಣೆ ಇಲ್ಲ. ನೀರಿಗೆ ಮಾತ್ರ."

ಪೈಪಿಗೆ ಸಿಮೆಂಟು ಬಿತ್ತು, ಬಚ್ಚಲ ಬಾಗಿಲಿಗೆ ಬೀಗ ಬಿದ್ದು ಅರಗಿನ ಮೊಹರಾಯಿತು. ಹೊಟ್ಟೆ ತುಂಬ ಕುಡಿದು ನಿಂತಿದ್ದ ರಸಬಾಳೆ ಅದೇ ಕೊನೆಯ ಊಟವೆಂದು ತಿಳಿಯದೆ ಎಲೆ ಆಡಿಸುತ್ತಿತ್ತು. ಅದನ್ನು ನೋಡಿ ಬಸವಪ್ರಸಾದರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಆ ಕಣ್ಣೀರನ್ನು ಬಾಗಿಲಲ್ಲಿ ನಿಂತು ಕಂಡ ಸುಬ್ಬಲಕ್ಷ್ಮಮ್ಮನ ಮನಸ್ಸು ಕರಗಿತು. ಎಷ್ಟಾದರೂ ನೆರೆಯವರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಅವರು ಬಿಸಿಬಿಸಿ ಅನ್ನ, ಸಾರು ಹೊತ್ತು ತಂದಿದ್ದರು.

"ಆಗಿದ್ದಾಯ್ತು, ಸಮಾಧಾನ ಮಾಡ್ಕೊಳ್ಳಿ" ಎಂದು ಎಲೆ ಹಾಸಿದರು. "ಇದು ನಿಮ್ಮ ಎಲೆ ಅಲ್ಲ, ಅಂಗಡಿದು."

ಹಸಿವಿನಿಂದ ಕಣ್ಣು ಕತ್ತಲೆ ಬಂದಿದ್ದ ಬಸವಪ್ರಸಾದರ ಕೈ ತನಗೆ ತಾನೇ ಮುಂದೆ ಹೋಯಿತು. ಸುಬ್ಬಲಕ್ಷ್ಮಮ್ಮ ತಟ್ಟನೆ ಎಲೆಯನ್ನು ಹಿಂದಕ್ಕೆಳೆದುಕೊಂಡರು.

"ಹಂಗೇ ತಿಂತಾರಾ? ಹೋಗಿ, ಮೊದ್ಲು ಸ್ನಾನ ಮಾಡ್ಕೊಂಡು ಬನ್ನಿ."