ಮುಚ್ಚಳ ತೆಗೆಯದೆ ಬೆಲೆ ಹೇಳಬಾರದು

ಕೆಟ್ಟುಹೋದ ವಸ್ತುವನ್ನು ಕಂಡರೆ ಎಲ್ಲರಿಗೂ ಬೇಸರವಾಗುತ್ತದೆ. ನಮ್ಮ ಅಪ್ಪನಿಗೆ ಮಾತ್ರ ಕಣ್ಣು ಹೊಳೆಯುತ್ತದೆ. ನಿಂತ ಫ್ಯಾನು, ಸುಟ್ಟ ಮಿಕ್ಸಿ, ಬಿಸಿಯಾಗದ ಇಸ್ತ್ರಿಪೆಟ್ಟಿಗೆ ಇವನ್ನೆಲ್ಲ ಮೂರು ಕಾಸಿಗೆ ಕೊಂಡು, ರಿಪೇರಿ ಮಾಡಿ, ಮಾರುವುದು ನಮ್ಮ ಮನೆಯ ಕಸುಬು. ಆದ್ದರಿಂದ ಅವರು ಹೋಗಿ ಹೋಗಿ ಕ್ಯಾನ್ಸರ್ ಚಿಕಿತ್ಸೆಯ ಯಂತ್ರ ಮಾಡುವ ಕಂಪನಿಯಲ್ಲಿ ಹಣ ಹೂಡಿದ್ದು ಏಕೆಂದು ಯಾರಾದರೂ ಕೇಳಿದರೆ ಉತ್ತರ ಸರಳ. ಅದು ಕೆಟ್ಟಿತ್ತು.

(ಯಂತ್ರ ಕೆಟ್ಟಿರಲಿಲ್ಲ, ಕಂಪನಿ ಕೆಟ್ಟಿತ್ತು. ಈ ವ್ಯತ್ಯಾಸವನ್ನು ನಾನು ಅಪ್ಪನಿಗೆ ಹಲವು ಬಾರಿ ವಿವರಿಸಿದೆ. ವಿವರಿಸುತ್ತ ವಿವರಿಸುತ್ತ ನನಗೇ ಅನುಮಾನ ಬಂತು.)

ನನ್ನ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಮುಂದೆ ಆದ ಅನಾಹುತಕ್ಕೂ ಅದಕ್ಕೂ ಸಂಬಂಧವಿದೆ. ನಾನು ಕಾಲೇಜನ್ನು ಅರ್ಧಕ್ಕೆ ಬಿಟ್ಟವನು. ಬುದ್ಧಿ ಸಾಲದೆ ಬಿಟ್ಟ ಎಂದು ನೆಂಟರು ಹೇಳುತ್ತಾರೆ. ನಿಜವಾಗಿ ಸಾಲದೆ ಹೋದದ್ದು ಬಾಯಿ. ಹಾಜರಿ ಕೂಗುವಾಗ ನಾನು ಗಂಟಲು ಸರಿಮಾಡಿಕೊಂಡು ‘ಇದ್ದೇನೆ ಸಾರ್’ ಎನ್ನುವಷ್ಟರಲ್ಲಿ ಮೇಷ್ಟ್ರು ನನ್ನನ್ನು ದಾಟಿ ಬಹಳ ಮುಂದೆ ಹೋಗಿರುತ್ತಿದ್ದರು. ಹೀಗೆ ದಿನವೂ ಮುಂದಿನ ಬೆಂಚಿನಲ್ಲಿ ಕುಳಿತುಕೊಂಡೇ ಗೈರುಹಾಜರಾದೆ. ಕೊನೆಗೆ ಹಾಜರಿ ಸಾಲದೆಂದು ಪರೀಕ್ಷೆಗೆ ಕೂರಿಸಲಿಲ್ಲ. ಆಗಿನಿಂದ ಅಪ್ಪನ ಅಂಗಡಿಯಲ್ಲಿ, ಕೌಂಟರಿನ ಹಿಂದೆ ಇಳಿಬಿಟ್ಟ ಪರದೆಯ ಆಚೆ ಕುಳಿತು ರಿಪೇರಿ ಮಾಡುತ್ತಿದ್ದೆ. ಗಿರಾಕಿಗಳು ನನ್ನನ್ನು ‘ಪರದೆ’ ಎಂದೇ ಕರೆಯುತ್ತಿದ್ದರು. ಸ್ವಿಚ್ಚು ಸಡಿಲವಿದೆ, ಸ್ವಲ್ಪ ಪರದೆಗೆ ಹೇಳಿ, ಎಂದು ಅಪ್ಪನಿಗೆ ಹೇಳಿ ಹೋಗುತ್ತಿದ್ದರು.

ಆ ಪರದೆಯೂ ಅಷ್ಟೇನೂ ದಪ್ಪವಲ್ಲ. ಕೆಲವರು ಅದನ್ನು ಸರಿಸಿ ಮುಖ ಹಾಕಿ ಮಾತಾಡಿಸುತ್ತಿದ್ದರು. ಅದಕ್ಕೇ ನನಗೊಂದು ಆಸೆಯಿತ್ತು. ಪಕ್ಕದ ಮಳಿಗೆ ಖಾಲಿಯಾಗುವುದರಲ್ಲಿತ್ತು. ಅದನ್ನು ಹಿಡಿದು, ನಡುವಿನ ಗೋಡೆಯಲ್ಲಿ ಒಂದು ಬಾಗಿಲು ಒಡೆದರೆ, ಅದು ನನ್ನ ಕೆಲಸದ ಕೋಣೆ. ಬಾಗಿಲಿಗೆ ಒಳಗಿನಿಂದ ಚಿಲಕ. ಅದಕ್ಕೆಂದೇ ಅಪ್ಪ ಹಣ ಕೂಡಿಟ್ಟಿದ್ದರು. ನಾನು ಗೋಡೆಯ ಅಳತೆ ತೆಗೆದು, ಯಾವ ಮೊಳೆಗೆ ಯಾವ ಇಕ್ಕಳ ತೂಗಬೇಕು ಎನ್ನುವವರೆಗೆ ಯೋಚಿಸಿಟ್ಟಿದ್ದೆ.

ಅಷ್ಟರಲ್ಲಿ ಅಜ್ಜಿಯ ತಪಾಸಣೆ ಬಂತು.

ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಹಿಂದೆ ಕ್ಯಾನ್ಸರ್ ಆಗಿ ವಾಸಿಯಾಗಿದೆ. ಔಷಧಿಗೆ ಉದುರಿದ ಕೂದಲು ಮತ್ತೆ ಬರುವಾಗ ಗುಂಗುರಾಗಿ ಬಂತು. ಅದನ್ನು ಅವಳು ‘ಆಸ್ಪತ್ರೆಯವರ ಬೋನಸ್ಸು’ ಎನ್ನುತ್ತಾಳೆ. ಆದರೆ ಆ ದಿನಗಳು ತಮಾಷೆಯವಾಗಿರಲಿಲ್ಲ. ಊರಿನ ಸಾಮಾನನ್ನೆಲ್ಲ ರಿಪೇರಿ ಮಾಡುವ ಅಪ್ಪ, ತಾಯಿ ಒಳಗೆ ಮಲಗಿದ್ದಾಗ ಆಸ್ಪತ್ರೆಯ ಬೆಂಚಿನ ಮೇಲೆ ಜೇಬಿನ ಸ್ಕ್ರೂಡ್ರೈವರನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಏನೂ ಮಾಡಲಾರದೆ ಕುಳಿತಿದ್ದನ್ನು ನಾನು ನೋಡಿದ್ದೇನೆ.

ಈ ಸಲ ಅದೇ ಬೆಂಚಿನಲ್ಲಿ ಕುಳಿತು ಅವರು ಪತ್ರಿಕೆ ಓದಿದರು. ಗೆಡ್ಡೆಯನ್ನು ಮಾತ್ರ ಬಿಸಿ ಮಾಡಿ ಸಾಯಿಸುವ, ಸುತ್ತಲಿನ ಮಾಂಸವನ್ನು ಮುಟ್ಟದ ಒಂದು ಯಂತ್ರವನ್ನು ಒಂದು ಕಂಪನಿ ತಯಾರಿಸುತ್ತಿದೆಯಂತೆ. ಪ್ರಯೋಗ ಮುಗಿಸಲು ಹಣವಿಲ್ಲದೆ ಒದ್ದಾಡುತ್ತಿದೆಯಂತೆ. ಅದರ ಷೇರು ಒಂದು ಲೋಟ ಟೀಗಿಂತ ಅಗ್ಗವಾಗಿದೆಯಂತೆ. ಅಪ್ಪನ ಕಣ್ಣು ಹೊಳೆಯಿತು.

ಮನೆಗೆ ಬಂದವರೇ ಅದು ಒಂದು ಜಾತಿಯ ಇಸ್ತ್ರಿಪೆಟ್ಟಿಗೆ ಎಂದು ಘೋಷಿಸಿದರು. ಬೇಕಾದಲ್ಲಿ ಬೇಕಾದಷ್ಟೇ ಬಿಸಿ, ಬಟ್ಟೆ ಸುಡಬಾರದು. ಎಲ್ಲ ಥರ್ಮೋಸ್ಟಾಟಿನ ಮಹಿಮೆ.

ಅಮ್ಮ ಬಟ್ಟೆ ಮಡಚುತ್ತಿದ್ದವಳು ತಲೆಯೆತ್ತಲಿಲ್ಲ. “ರೀ, ಇಸ್ತ್ರಿಪೆಟ್ಟಿಗೆ ಕೆಟ್ರೆ ಮನೆಗೆ ತಂದು ಮಂಚದ ಕೆಳಗೆ ಇಡ್ತೀರಿ. ಕಂಪನಿ ಕೆಟ್ರೆ ಎಲ್ಲಿ ಇಡ್ತೀರಿ?”

“ಕೆಟ್ಟಿದ್ದಾಗ್ಲೇ ತಗೋಬೇಕು ಕಣೇ. ಸರಿಯಾದ್ಮೇಲೆ ನಮ್ಮಂಥವರಿಗೆ ಎಟುಕುತ್ತಾ?”

“ಹಾಗಾದ್ರೆ ನಿಮ್ಮನ್ನ ಕಟ್ಕೊಂಡ ನಾನು ಭಾರಿ ಬುದ್ಧಿವಂತೆ ಬಿಡಿ.”

ಅಪ್ಪ ಮಾರನೆಯ ದಿನವೇ ಕೂಡಿಟ್ಟದ್ದರಲ್ಲಿ ಅರ್ಧ ಹಾಕಿಬಿಟ್ಟರು. ಉಳಿದರ್ಧ ಹಾಕುವ ಮೊದಲು, ಓದಿದವನು ಎಂಬ ಆಪಾದನೆಯ ಮೇಲೆ, ಕಂಪನಿಯ ವರದಿಯನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಮೊದಲಿನಿಂದ ಕೊನೆಗೆ ಓದಿದೆ, ಅರ್ಥವಾಗದೆ ಕೊನೆಯಿಂದ ಮೊದಲಿಗೂ ಓದಿದೆ. ಕಂಪನಿ ಇದುವರೆಗೆ ಏನನ್ನೂ ಮಾರಿಲ್ಲ. ಫಲಿತಾಂಶ ಆಶಾದಾಯಕ, ಆದರೆ ಖಚಿತವಲ್ಲ. ಖಚಿತವಾಗಲು ಹಣ ಬೇಕು. ಹಣ ಬರಲು ಫಲಿತಾಂಶ ಖಚಿತವಾಗಬೇಕು. ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬೀಗ ಹಾಕಿದ ಹಾಗಿತ್ತು. ಜೊತೆಗೆ, ಷೇರು ಬಿದ್ದಷ್ಟೂ ಅಪ್ಪ ಖುಷಿಯಾಗುತ್ತಿದ್ದರು, ಒಂದು ದಿನ ಚೂರು ಏರಿದಾಗ ಊಟ ಸರಿಯಾಗಿ ಮಾಡಲಿಲ್ಲ. ಹಣ ಹೂಡಿದವರು ಯಾವುದಕ್ಕೆ ನಗಬೇಕು, ಯಾವುದಕ್ಕೆ ಅಳಬೇಕು ಎಂಬುದು ನನಗೆ ಇಂದಿಗೂ ಸ್ಪಷ್ಟವಾಗಿಲ್ಲ.

ಕೊನೆಗೆ ಅಪ್ಪ ಒಂದು ತೀರ್ಮಾನಕ್ಕೆ ಬಂದರು. ನಮ್ಮ ಅಂಗಡಿಗೆ ಒಂದೇ ಒಂದು ನಿಯಮ: ಮುಚ್ಚಳ ತೆಗೆಯದೆ ಬೆಲೆ ಹೇಳಬಾರದು. ಕಂಪನಿಯವರು ಹೂಡಿಕೆದಾರರ ಸಭೆ ಕರೆದಿದ್ದರು, ಅಲ್ಲಿ ಯಂತ್ರವನ್ನೂ ಇಡುತ್ತಾರಂತೆ. ಹೋಗಿ ನೋಡೋಣ ಎಂದರು.

“ನೋಡೋದು ನೀನು. ಒಳಗೆ ಏನಿದೆ, ಹೇಗಿದೆ ಅಂತ ಮೈಕಿನಲ್ಲಿ ಕೇಳು. ನೀನು ಬೇಡ ಅಂದ್ರೆ ಉಳಿದ ದುಡ್ಡಲ್ಲಿ ನಿನ್ನ ಕೋಣೆ. ಸರಿ ಅಂದ್ರೆ ಅದೂ ಅಲ್ಲಿಗೇ.”

ಮೈಕು ಎಂಬ ಪದ ಕೇಳಿಯೇ ನಾನು ಪರದೆಯನ್ನು ಇನ್ನಷ್ಟು ಎಳೆದುಕೊಂಡೆ.

ಸಭೆ ನಡೆದದ್ದು ಬಾಡಿಗೆಯ ದೊಡ್ಡ ಹಾಲಿನಲ್ಲಿ. ನಾವು ನಾಲ್ವರೂ ಹೋದೆವು. ವೇದಿಕೆಯ ಪಕ್ಕದಲ್ಲಿ ಬೀರುವಿನಷ್ಟು ಎತ್ತರದ ಬಿಳಿ ಯಂತ್ರ ನಿಂತಿತ್ತು, ಮದುವೆ ಗಂಡಿನ ಹಾಗೆ ಠೀವಿಯಿಂದ. ಅಧ್ಯಕ್ಷರು ಮಾತಾಡಿದರು. ಒಬ್ಬ ವಿಜ್ಞಾನಿ ಮೇಡಂ ಪರದೆಯ ಮೇಲೆ ಚಿತ್ರ ತೋರಿಸಿದರು. ಮಧ್ಯೆ ಟೀ ಬಿಡುವು, ಆಮೇಲೆ ಪ್ರಶ್ನೋತ್ತರ ಎಂದರು. ಜನ ಟೀ ಕಡೆಗೆ ಹೋದರು. ನನಗೆ ಒಂದು ಅದ್ಭುತ ಉಪಾಯ ಹೊಳೆಯಿತು. ಒಳಗೆ ಏನಿದೆ ಎಂದು ನಾನೇ ನೋಡಿಬಿಟ್ಟರೆ, ಮೈಕಿನಲ್ಲಿ ಕೇಳುವ ಅಗತ್ಯವೇ ಇಲ್ಲವಲ್ಲ.

ಮುಂದಿನಿಂದ ಹೋದರೆ ಎಲ್ಲರೂ ನೋಡುತ್ತಾರೆಂದು ಗೋಡೆಗೆ ಒತ್ತಿಕೊಂಡು ಯಂತ್ರದ ಹಿಂದಕ್ಕೆ ಹೋದೆ. ಸ್ಕ್ರೂಡ್ರೈವರು ಜೇಬಿನಲ್ಲೇ ಇತ್ತು (ನಮ್ಮ ಮನೆಯಲ್ಲಿ ಬಾಚಣಿಗೆ ಮರೆಯುತ್ತೇವೆ, ಅದನ್ನು ಮರೆಯುವುದಿಲ್ಲ). ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಅದಲುಬದಲಾಗದಂತೆ ಕರವಸ್ತ್ರದ ಮೇಲೆ ಸಾಲಾಗಿ ಇಟ್ಟುಕೊಂಡು, ಹಿಂಬದಿಯ ಮುಚ್ಚಳ ತೆಗೆದೆ.

ಒಳಗೆ ಒಂದು ಇಟ್ಟಿಗೆ ಇತ್ತು. ಇಟ್ಟಿಗೆಯ ಪಕ್ಕದಲ್ಲಿ ಒಂದು ಛತ್ರಿ.

ವೈರ್ ಇಲ್ಲ, ಕಾಯಿಲ್ ಇಲ್ಲ, ಅಪ್ಪನ ಆರಾಧ್ಯದೈವವಾದ ಥರ್ಮೋಸ್ಟಾಟೂ ಇಲ್ಲ. ನಾನು ಸಾಮಾನ್ಯವಾಗಿ ಯಾವುದನ್ನೂ ಎರಡು ಸಲ ನೋಡದೆ ನಂಬುವವನಲ್ಲ. ಆದರೆ ಆ ಖಾಲಿ ಜಾಗದಲ್ಲಿ ನನಗೆ ಕಂಡದ್ದು ನನ್ನ ಕೋಣೆ: ಗೋಡೆ, ಮೊಳೆ, ಚಿಲಕ ಎಲ್ಲ ಸಮೇತ. ಆದ್ದರಿಂದ ಎರಡನೆಯ ಸಲ ನೋಡಲಿಲ್ಲ. ಮುಚ್ಚಳ ಹಾಕಿ, ಸ್ಕ್ರೂಗಳನ್ನು ಸರಿಯಾಗಿ ಬಿಗಿದು (ಮೋಸದ ಯಂತ್ರವಾದರೂ ಬಿಗಿಯುವುದರಲ್ಲಿ ಮೋಸ ಮಾಡಬಾರದು), ಜನ ಟೀ ಮುಗಿಸಿ ಮತ್ತೆ ಬಂದು ಕೂರುವಷ್ಟರಲ್ಲಿ ಅಮ್ಮನ ಬಳಿ ಬಂದು ಕಿವಿಯಲ್ಲಿ ಹೇಳಿದೆ.

ಅಮ್ಮ ಗುಟ್ಟು ಬಿಡುವವಳಲ್ಲ. ಪಕ್ಕದ ಕುರ್ಚಿಯ ಹೆಂಗಸಿಗೆ ಮಾತ್ರ, ಅದೂ ಅವರು ಜೀವಮಾನದ ಉಳಿತಾಯ ಹಾಕಿದ್ದಾರೆಂದು ತಿಳಿದು ಕನಿಕರದಿಂದ ಹೇಳಿದಳು. ಆ ಕನಿಕರ ಸಾಲಿನಿಂದ ಸಾಲಿಗೆ ಹಬ್ಬಿತು. ಯಂತ್ರದೊಳಗೆ ಇಟ್ಟಿಗೆ ಇದೆಯಂತೆ ಎಂದು ಹೊರಟದ್ದು, ಈ ಕಂಪನಿಗೆ ಇಟ್ಟಿಗೆ ಗೂಡು ಬಿಟ್ಟರೆ ಬೇರೆ ಏನೂ ಇಲ್ಲವಂತೆ ಎಂದಾಯಿತು. ಅದು ನನ್ನ ಹಿಂದಿನ ಸಾಲಿಗೆ ವಾಪಸು ಬರುವ ಹೊತ್ತಿಗೆ, ಕಾಯಿಸಿದ ಇಟ್ಟಿಗೆಯನ್ನು ರೋಗಿಯ ಹೊಟ್ಟೆಯ ಮೇಲಿಡುವುದೇ ಚಿಕಿತ್ಸೆಯಂತೆ ಎಂದಾಗಿತ್ತು. ಎಲ್ಲರೂ ಫೋನು ತೆಗೆದು ಷೇರು ಮಾರತೊಡಗಿದರು. ಅಪ್ಪ ತಮ್ಮ ಫೋನಿನಲ್ಲಿ ಬೆಲೆ ಇಳಿಯುವುದನ್ನೇ ನೋಡುತ್ತ ಕುಳಿತಿದ್ದರು. ಅವರ ಮುಖ ನನಗೆ ಸರಿಯಾಗಿ ಕಾಣಲಿಲ್ಲ. ಪಾಪ ಎಂದುಕೊಂಡೆ.

ಅಷ್ಟರಲ್ಲಿ ಹೊರಗೆ ಮಳೆ ಶುರುವಾಗಿ, ವಿಜ್ಞಾನಿ ಮೇಡಂ ತಮ್ಮ ಛತ್ರಿ ಹುಡುಕುತ್ತ ಯಂತ್ರದ ಹಿಂದಕ್ಕೆ ಬಂದು, ಅದರ ಬದಿಯ ಕಿಂಡಿಯಿಂದ ಛತ್ರಿಯನ್ನು ಎಳೆದುಕೊಂಡರು. ಮುಂದಿನ ಸಾಲಿನ ಹಿರಿಯರೊಬ್ಬರು ಅಡ್ಡಗಟ್ಟಿ, ಅಮ್ಮಾ ಇದರೊಳಗೆ ಇಟ್ಟಿಗೆ ಇರುವುದು ನಿಜವೇ ಎಂದು ಕೇಳಿದರು. ಮೇಡಂ ಸಹಜವಾಗಿ ಹೌದು ಎಂದರು. ಸಭೆಯಲ್ಲಿ ಗುಲ್ಲೆದ್ದಿತು.

“ಅದು ಬರೀ ತೋರಿಸೋಕೆ ಇಟ್ಟಿರೋ ಪೆಟ್ಟಿಗೆ. ಫ್ಯಾನ್ ಗಾಳಿಗೆ ಬೀಳುತ್ತೆ ಅಂತ ಇಟ್ಟಿಗೆ ಇಟ್ಟಿದ್ದೀವಿ,” ಎಂದು ಅವರು ಗಲಾಟೆಯ ನಡುವೆ ಹೇಳಿದರು. “ನಿಜವಾದದ್ದು ಆಸ್ಪತ್ರೆಯಲ್ಲಿ ನೆಲಕ್ಕೆ ಬೋಲ್ಟ್ ಹಾಕಿದೆ. ಅಲ್ಲಿ ರೋಗಿಗಳಿದ್ದಾರೆ, ಕಿತ್ತು ಇಲ್ಲಿಗೆ ತರೋಕಾಗುತ್ತಾ? ಮುಂದೆ ಬೋರ್ಡ್ ಹಾಕಿದ್ದೀವಲ್ಲ.”

ಹಾಕಿದ್ದರು. ‘ಇದು ಮಾದರಿ ಮಾತ್ರ’ ಎಂದು, ಕುರುಡನಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ. ನಾನು ಹಿಂದಿನಿಂದ ಹೋಗಿದ್ದೆ.

ಆದರೆ ಗುಲ್ಲಿನಲ್ಲಿ ಅವರ ಮಾತು ಮೂರನೆಯ ಸಾಲನ್ನೂ ದಾಟಲಿಲ್ಲ. ಜನ ಮಾರುತ್ತಲೇ ಇದ್ದರು. ಆ ಮೇಡಂ ಛತ್ರಿಯನ್ನು ಎದೆಗೆ ಒತ್ತಿಕೊಂಡು ನಿಂತ ರೀತಿ, ಆಸ್ಪತ್ರೆಯ ಬೆಂಚಿನಲ್ಲಿ ಸ್ಕ್ರೂಡ್ರೈವರು ಹಿಡಿದು ಕುಳಿತ ಅಪ್ಪನ ಹಾಗೆಯೇ ಇತ್ತು. ನಾನು ಅಜ್ಜಿಗೆ ಎಲ್ಲವನ್ನೂ ಪಿಸುಗುಟ್ಟಿದೆ. ಅಜ್ಜಿ ಮೈಕಿನ ಕಡೆ ಬೆರಳು ತೋರಿಸಿದಳು. ನನ್ನಿಂದ ಆಗುವುದಿಲ್ಲ ಎಂದೆ.

“ಆಸ್ಪತ್ರೆಯ ಗಾಲಿ ಮಂಚದ ಮೇಲೆ ಮಲಗಿ ನಾನು ಒಬ್ಬಳೇ ಒಳಗೆ ಹೋಗಿದ್ದೀನಿ ಮಗ. ಬಾಗಿಲು ಮುಚ್ಚಿಕೊಂಡ್ರು. ನಿನಗೆ ನಡ್ಕೊಂಡು ಹೋಗೋಕೆ ಕಾಲಿದೆ, ಬಾಗಿಲೂ ತೆರೆದೇ ಇದೆ. ಹೋಗು.”

ಹೋದೆ. ಮೈಕು ನನ್ನ ಎತ್ತರಕ್ಕಿಂತ ಕೆಳಗಿತ್ತು. ಅದನ್ನು ಏರಿಸಿದರೆ ಶಬ್ದವಾಗುತ್ತದೆಂದು ನಾನೇ ಬಗ್ಗಿದೆ. ಮೊದಲು ಬಾಯಿಂದ ಬಂದದ್ದು, ಏಕೋ ತಿಳಿಯದು, “ಇದ್ದೇನೆ ಸಾರ್.” ಎಲ್ಲರೂ ಫೋನು ಬಿಟ್ಟು ನನ್ನ ಕಡೆ ತಿರುಗಿದರು.

“ಮುಚ್ಚಳ ತೆಗೆದವನು ನಾನು. ಬೋರ್ಡು ಮುಂದೆ ಇತ್ತು. ನನಗೆ ನಾಚಿಕೆ ಜಾಸ್ತಿ, ಅದಕ್ಕೆ ಹಿಂದಿನಿಂದ ಬಂದೆ. ಮೈಕಿನಲ್ಲಿ ಕೇಳಿದ್ರೆ ಅವರೇ ಹೇಳ್ತಿದ್ರು. ಮೈಕಿನಲ್ಲಿ ಕೇಳಬಾರದು ಅಂತಾನೇ ಬಿಚ್ಚಿದೆ. ಈಗ ಮೈಕಿನಲ್ಲೇ ಹೇಳ್ತಿದ್ದೀನಿ. ಸ್ಕ್ರೂ ಎಲ್ಲ ವಾಪಸ್ ಹಾಕಿದ್ದೀನಿ.”

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಕ್ಕ ಜನ ಕುಳಿತರು, ಕುಳಿತ ಜನ ಪ್ರಶ್ನೆ ಕೇಳಿದರು, ಮೇಡಂ ಉತ್ತರಿಸಿದರು. ಅಧ್ಯಕ್ಷರು ನನ್ನ ಕೈ ಕುಲುಕಿ, ಇನ್ನು ಮುಂದೆ ದಯವಿಟ್ಟು ಸಭೆಗಳಿಗೆ ಬರಬೇಡಿ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ನಾನು ಬೆವರು ಒರೆಸಿಕೊಳ್ಳುತ್ತ ಬಂದು ಅಪ್ಪನ ಪಕ್ಕ ಕುಳಿತೆ. ಅವರು ಫೋನನ್ನು ಜೇಬಿಗೆ ಇಳಿಸಿದರು. ಈಗ ಮುಖ ಸರಿಯಾಗಿ ಕಂಡಿತು. ಕಣ್ಣು ಹೊಳೆಯುತ್ತಿತ್ತು.

“ಭಲೇ ಮಗನೆ. ನೀನು ಬೀಳಿಸಿದ ಬೆಲೆಗೆ ಉಳಿದಿದ್ದನ್ನೂ ಹಾಕ್ಬಿಟ್ಟೆ. ಇಷ್ಟು ಕೆಳಗೆ ಮತ್ತೆ ಯಾವತ್ತು ಸಿಗುತ್ತೆ?”

ನಾನು ಸರಿ ಎಂದೂ ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಅಮ್ಮ ಇಬ್ಬರನ್ನೂ ನೋಡಿ, ಮಂಚದ ಕೆಳಗೆ ಜಾಗ ಮಾಡುತ್ತೇನೆ ಎಂದಷ್ಟೇ ಹೇಳಿದಳು.

ಯಂತ್ರದ ಪ್ರಯೋಗ ಇನ್ನೂ ನಡೆಯುತ್ತಿದೆ. ಫಲಿತಾಂಶ ಇನ್ನೂ ಆಶಾದಾಯಕ. ಅಜ್ಜಿ ತಪಾಸಣೆಗೆ ಹೋದಾಗಲೆಲ್ಲ ‘ನಮ್ಮ ಯಂತ್ರ’ ಹೇಗಿದೆ ಎಂದು ದಾದಿಯರನ್ನು ವಿಚಾರಿಸಿ ಬರುತ್ತಾಳೆ. ಪಕ್ಕದ ಮಳಿಗೆಯನ್ನು ಬೇರೆಯವರು ಹಿಡಿದರು. ಅವರದ್ದು ಮೈಕ್‌ಸೆಟ್ ಬಾಡಿಗೆಯ ವ್ಯಾಪಾರ. ಬೆಳಗಿನಿಂದ ಸಂಜೆಯವರೆಗೆ ‘ಹಲೋ, ಹಲೋ, ಚೆಕ್’ ಎಂದು ಗೋಡೆ ನಡುಗುತ್ತದೆ, ಯಾವ ಗೋಡೆಗೆ ನಾನು ಅಳತೆ ತೆಗೆದಿದ್ದೆನೋ ಅದೇ ಗೋಡೆ. ಇನ್ನು, ಅಷ್ಟು ಜನರೆದುರು ಮಾತಾಡಿದವನಿಗೆ ಪರದೆ ಏಕೆಂದು ಅಪ್ಪ ಅದನ್ನು ಬಿಚ್ಚಿ ಅಮ್ಮನಿಗೆ ಕೊಟ್ಟರು. ಅದೀಗ ಅಡುಗೆಮನೆಯ ಒರೆಸುವ ಬಟ್ಟೆ. ನನ್ನನ್ನು ಕೌಂಟರಿನಲ್ಲಿ ಕೂರಿಸಿ, ಅವರು ಹಿಂದೆ ಆರಾಮಾಗಿ ರಿಪೇರಿ ಮಾಡುತ್ತಾರೆ.

ನಿನ್ನೆ ಒಬ್ಬರು ಇಸ್ತ್ರಿಪೆಟ್ಟಿಗೆ ತಂದು, ರಿಪೇರಿಗೆ ಎಷ್ಟಾಗುತ್ತದೆ ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು, ಮುಚ್ಚಳ ತೆಗೆಯದೆ ಬೆಲೆ ಹೇಳುವುದಿಲ್ಲ ಎಂದೆ.

ಅವರು ನನ್ನ ಮುಖ ನೋಡಿ ಗುರುತು ಹಿಡಿದರು. ಆ ಸಭೆಯಲ್ಲಿ ಅವರೂ ಇದ್ದರಂತೆ.

“ತೆಗಿಯಪ್ಪ,” ಎಂದರು. “ಒಳಗೆ ನನ್ನ ಛತ್ರಿ ಏನಾದ್ರೂ ಸಿಕ್ರೆ ಕೊಡು.”