ಅಡರಕಟ್ಟಿಯ ಕಟ್ಟೆ ಏರಿದ ರಾಣಿ

ನಾಲ್ಕು ಪುಸ್ತಕಗಳ ನಡುವೆ ದಿನವಿಡೀ ಕೂತವನಿಗೆ ಆ ನಾಲ್ಕೂ ತನ್ನ ತಲೆಯೊಳಗೇ ಇವೆ ಎಂಬ ಭ್ರಮೆ ಬಹಳ ಬೇಗ ಬರುತ್ತದೆ. ನನಗಂತೂ ಕೆಲಸಕ್ಕೆ ಸೇರಿದ ಮೂರನೆಯ ತಿಂಗಳಿಗೇ ಬಂತು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಲಕ್ಷ್ಮೇಶ್ವರದ ಒಂದು ಸಣ್ಣ ವಾಚನಾಲಯದಲ್ಲಿ ಗುಮಾಸ್ತನಾಗಿದ್ದೆ. ಬರುವವರೆಲ್ಲ ಪತ್ರಿಕೆ ಓದಿ, ನನ್ನ ಕಡೆ ನೋಡದೆಯೇ ಎದ್ದು ಹೋಗುತ್ತಿದ್ದರು. ಅವರು ನೋಡಲಿ ಎಂದೇ ಬಾಗಿಲ ಪಕ್ಕ ಒಂದು ಕಪ್ಪು ಹಲಗೆ ತೂಗುಹಾಕಿ ದಿನಕ್ಕೊಂದು ಸಂಗತಿ ಬರೆಯತೊಡಗಿದೆ. ಚಾವಿ ಎಂಬ ಪದ ಪೋರ್ಚುಗೀಸರದು, ಬಟಾಟಿಯೂ ಅವರದೇ, ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ, ಹೀಗೆ.

ಎದುರಿನ ಅಂಗಡಿಯ ಟೇಲರ್ ಮಾಬೂಸಾಬರು ನನ್ನ ಮೊದಲ ಓದುಗರು. ಹಳಗನ್ನಡದ ಪಕಾರ ಈಗ ಹಕಾರವಾಗಿದೆ, ಪಾಲು ಹಾಲಾಯಿತು, ಪುಲಿ ಹುಲಿಯಾಯಿತು ಎಂದು ಬರೆದ ದಿನ ಅವರು ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದರು.

"ರಾಯರ, ಹಂಗಾರ ಪಾಯಜಾಮ ಯಾಕ ಹಾಯಜಾಮ ಆಗಲಿಲ್ಲರಿ?"

ನಾನು ಕೆಮ್ಮಿದೆ. ಕೊನೆಗೆ ಮಾಬೂಸಾಬರೇ, "ಅದು ಫಾರಸಿ ಮಾತರಿ. ಪಾಯ ಅಂದ್ರ ಕಾಲು, ಜಾಮಾ ಅಂದ್ರ ಅರಿವಿ" ಎಂದು ಬಿಡಿಸಿ ಹೇಳಿದರು. ಮರುದಿನ ಅದನ್ನೇ ಹಲಗೆಗೆ ಹಾಕಿದೆ. ಕೆಳಗೆ ಅವರ ಹೆಸರು ಹಾಕಬೇಕಿತ್ತು. ಹಾಕಲಿಲ್ಲ.

ಸಂತೆಯ ದಿನ ಪಕ್ಕದ ಹಳ್ಳಿ ಅಡರಕಟ್ಟಿಯ ಗಂಗವ್ವ ಶೇಂಗಾ ಮಾರಿ, ಬಸ್ಸು ಬರುವವರೆಗೆ ನಮ್ಮ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಅಕ್ಷರ ಬಾರದು, ಹಲಗೆಯಲ್ಲಿದ್ದದ್ದನ್ನು ನನ್ನಿಂದಲೇ ಓದಿಸಿ ಕೇಳುತ್ತಿದ್ದಳು. ಒಂದು ದಿನ, "ಎಲ್ಲಾ ಊರಿನ ಸುದ್ದಿ ಬರೀತಿರಿ. ನಮ್ಮೂರಿಗೆ ಅಡರಕಟ್ಟಿ ಅಂತ ಯಾಕ ಅಂತಾರ, ಅದನ್ನ ಹೇಳರಿ ಯಪ್ಪಾ" ಎಂದಳು. ಮುಂದಿನ ಸಂತೆಗೆ ಹೇಳುತ್ತೇನೆಂದು ಗತ್ತಿನಿಂದ ಮಾತು ಕೊಟ್ಟೆ. ವಾರವೆಲ್ಲ ಹುಡುಕಿದಾಗ ಸಿಕ್ಕಿದ್ದು ನಿಘಂಟಿನ ಒಂದೇ ಸಾಲು: ಅಡರು ಎಂದರೆ ಏರು. ಅಷ್ಟನ್ನೇ ಬರೆದಿದ್ದರೆ ನನ್ನ ಮಾನವೂ ಉಳಿಯುತ್ತಿತ್ತು. ಆದರೆ ಒಂದು ಸಾಲಿಗೆ ಹಲಗೆ ಬಹಳ ದೊಡ್ಡದಾಗಿ ಕಂಡಿತು. ಹಿಂದೊಬ್ಬ ರಾಣಿ ಲಕ್ಷ್ಮೇಶ್ವರದ ಸೋಮೇಶ್ವರನ ದರ್ಶನಕ್ಕೆ ಹೋಗುವಾಗ ಪಲ್ಲಕ್ಕಿಯಿಂದಿಳಿದು, ಆ ಊರಿನ ಕಟ್ಟೆಯನ್ನು ಅಡರಿ ದಣಿವಾರಿಸಿಕೊಂಡಳು ಎಂದು ಸೇರಿಸಿದೆ. ಗಂಗವ್ವ ಎರಡು ಸಲ ಓದಿಸಿದಳು. "ಆ ಕಟ್ಟಿ ನಮ್ಮ ಮನಿ ಮುಂದನ ಐತಿ!" ಎಂದವಳು ಬಸ್ಸು ತಪ್ಪುವಷ್ಟು ಹೊತ್ತು ಸುಮ್ಮನೆ ನಗುತ್ತಾ ಕೂತಳು.

ಎರಡು ವಾರ ಕಳೆದಿರಬೇಕು. ಅಡರಕಟ್ಟಿಯ ಐದಾರು ಗಂಡಸರು ಬಂದು ನನ್ನ ಮೇಜಿನ ಮುಂದೆ ನಿಂತರು. "ಯಾವ ರಾಣಿರಿ ಆಕಿ? ಹೆಣಮಕ್ಕಳು ಕಟ್ಟಿ ಸಾರಿಸಿ ರಂಗೋಲಿ ಹಾಕ್ಯಾರ. ರಾಣಿ ಕುಂತ ಜಾಗಾ ಅಂತ, ನಮ್ಮನ್ನ ಹತ್ತಾಕ ಬಿಡವಲ್ಲರು. ಸಂಜಿಗೆ ನಾವೆಲ್ಲಿ ಕುಂಡ್ರೂಣ?"

ಖುದ್ದಾಗಿ ಬಂದು ಎಲ್ಲ ಸರಿಮಾಡುತ್ತೇನೆ ಎಂದು ಅವರನ್ನು ಸಾಗಹಾಕಿದೆ. ಮಾಬೂಸಾಬರಿಗೆ ನಿಜ ಹೇಳಿದಾಗ ಅವರು ಕತ್ತರಿ ಕೆಳಗಿಟ್ಟರು. "ನಾನೂ ಅದನ್ನ ಖರೆ ಅಂತ ನಾಕು ಮಂದಿಗೆ ಹೇಳೇನಲ್ಲರಿ" ಎಂದಷ್ಟೇ ಅಂದರು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಆಮೇಲೆ ಅವರೇ ಅಂಗಡಿಗೆ ಬೀಗ ಹಾಕಿ, "ನಡೀರಿ, ನಾನೂ ಬರ್ತೀನಿ. ಹೊಡತ ಬಿದ್ರ ಹಂಚಿಕೊಳ್ಳೂಣು" ಎಂದರು.

ನಾವು ಅಡರಕಟ್ಟಿ ಮುಟ್ಟಿದಾಗ ಗಂಗವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದಳು. ಜೊತೆಗೆ ನಾಲ್ಕೈದು ಹೆಂಗಸರು. ಗಂಡಸರು ಬೇವಿನ ನೆರಳಲ್ಲಿ ನಿಂತಿದ್ದರು. ನಾನು ತಲೆ ತಗ್ಗಿಸಿ, "ಗಂಗವ್ವ, ಆ ರಾಣಿ ಬಂದೇ ಇಲ್ಲ. ಹಲಗಿ ತುಂಬಲಿ ಅಂತ ನಾನ ಹುಟ್ಟಿಸಿದ್ದು" ಎಂದೆ.

ಅವಳ ಕೈ ನಿಂತಿತು. ನನ್ನನ್ನೇ ನೋಡಿದಳು. "ಈ ಊರಿಗೆ ಸೊಸಿಯಾಗಿ ಬಂದು ನಲವತ್ತು ವರ್ಷ ಆತು. ಇವರೆಲ್ಲಾ ಕುಂತಿರತಿದ್ರು, ನಾವು ಸೆರಗು ಎಳಕೊಂಡು ಆ ಗ್ವಾಡಿ ಬಾಜೂಲೇ ಹೋಗತಿದ್ವಿ. ಮನಿ ಮುಂದಿನ ಕಟ್ಟಿ, ಒಂದ ದಿನಾ ಕುಂತಿದ್ದಿಲ್ಲ. ರಾಣಿ ಸುಳ್ಳಾದ್ರ ಆಗಲಿ ಬಿಡ್ರಿ. ನಾ ಕುಂತಿದ್ದು ಖರೆ ಐತೆಲ್ಲರಿ?"

ನಾಳೆ ಹಲಗೆಯ ಮೇಲೆ ತಿದ್ದುಪಡಿ ಬರೆಯಲೇಬೇಕು ಎಂದು ತೊದಲಿದೆ.

"ಬರೀರಿ, ಬರೀರಿ. ನಮಗ್ಯಾರಿಗೆ ಓದಾಕ ಬರತೈತಿ?" ಎಂದು ಮತ್ತೆ ಶೇಂಗಾ ಸುಲಿಯತೊಡಗಿದಳು. ಹೆಂಗಸರು ನಕ್ಕರು. ನೆರಳಲ್ಲಿದ್ದ ಒಬ್ಬ ಮುದುಕನೂ ನಕ್ಕುಬಿಟ್ಟ. ಕೊನೆಗೆ ಮಧ್ಯಾಹ್ನ ಹೆಂಗಸರಿಗೆ, ಸಂಜೆ ಗಂಡಸರಿಗೆ ಎಂದು ಮಾಬೂಸಾಬರು ಅರಿವೆ ಅಳೆದು ಕತ್ತರಿಸಿದಂತೆ ಹೊತ್ತನ್ನು ಹಂಚಿಕೊಟ್ಟರು. ಮರುದಿನ ನಾನು ತಪ್ಪೊಪ್ಪಿಗೆ ಬರೆದೆ. ಅಡರಕಟ್ಟಿಯಲ್ಲಿ ಅದರಿಂದ ಯಾರೂ ಕಟ್ಟೆ ಬಿಟ್ಟು ಏಳಲಿಲ್ಲ ಎಂದು ಕೇಳಿದೆ.

ಇದನ್ನೆಲ್ಲ ನಾನು ಮನೆಯಲ್ಲಿ ಹೆಂಡತಿಗೆ ಬಹಳ ರಸವತ್ತಾಗಿ, ಗಂಗವ್ವನನ್ನು ಹೊಗಳಿ, ಹೆಂಗಸರಿಗೂ ಕೂರಲು ಜಾಗ ಬೇಕಲ್ಲವೇ ಎಂದು ಒಂದು ಸಣ್ಣ ಭಾಷಣವನ್ನೂ ಸೇರಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಮಾರನೆಯ ಸಂಜೆ ಬಂದು ನೋಡಿದರೆ ನನ್ನ ಆರಾಮ ಕುರ್ಚಿಯಲ್ಲಿ ಕೂತು ನನ್ನ ಪತ್ರಿಕೆ ಓದುತ್ತಿದ್ದಾಳೆ. ತಲೆ ಎತ್ತದೆಯೇ, "ಚಾಪಿ ಅಲ್ಲೇ ಐತಿ, ಹಾಸಿಕೊಂಡು ಕುಂಡ್ರಿ" ಎಂದಳು. ಚಾಪೆ ಎಂಬ ಪದ ಎಲ್ಲಿಂದ ಬಂತೆಂದು ಯೋಚಿಸುತ್ತಾ ಹಾಸಿಕೊಂಡು ಕೂತೆ.